ನೀರು ಸಾಕಿದವನು

ಚಿಕ್ಕಮ್ಮ ಶವದ ಪೆಟ್ಟಿಗೆಯ ಗಾಜಿನ ಮೇಲೆ ಎರಡನೆಯ ಬಾಟಲಿ ಸೆಂಟು ಖಾಲಿ ಮಾಡುತ್ತಿದ್ದಳು. ಗಾಜು ಬಿಗಿಯಾಗಿ ಮುಚ್ಚಿತ್ತು, ಒಳಗೆ ಮಲಗಿದ್ದ ಭಾವನಿಗೆ ಅದರ ಒಂದು ಹನಿಯೂ ತಾಗುವಂತಿರಲಿಲ್ಲ. ಆದರೂ ಸುರಿದಳು. ಒಂದು ಕೈಯಲ್ಲಿ ಬಾಟಲಿ, ಇನ್ನೊಂದು ಕೈಯಲ್ಲಿ ಮೂಗಿಗೆ ಒತ್ತಿ ಹಿಡಿದ ಕರವಸ್ತ್ರ.

“ಹಾಕಿದಷ್ಟೂ ಜಾಸ್ತಿ ಆಗ್ತಿದೆ ಕಣೇ,” ಅಂದಳು ಅಕ್ಕನ ಮಗಳ ಕಡೆ ತಿರುಗಿ. “ಬೆಳಿಗ್ಗೆ ಇಷ್ಟಿರ್ಲಿಲ್ಲ.”

ಮಗಳಿಗೂ ಅದು ತಿಳಿಯುತ್ತಿತ್ತು. ಕೊಳೆತ ಮೊಟ್ಟೆಯ ವಾಸನೆ, ಈಗ ಅದರ ಮೇಲೆ ಮಲ್ಲಿಗೆಯ ಸೆಂಟು. ಎರಡೂ ಕಲಸಿಕೊಂಡು ಗಂಟಲಿಗೆ ಇಳಿಯುತ್ತಿದ್ದವು. ಹತ್ತು ಹನ್ನೆರಡು ಜನ ನೆಂಟರು ಗೋಡೆಗೆ ಒರಗಿ ಕುಳಿತಿದ್ದರು. ಕಣ್ಣು ಒದ್ದೆಯಾದವರು ಯಾರೂ ಇರಲಿಲ್ಲ, ಮೂಗು ಮುಚ್ಚಿಕೊಂಡವರು ಎಲ್ಲರೂ. ಚಹಾ ಬಂದಾಗ ಮಾತ್ರ ಒಬ್ಬೊಬ್ಬರೇ ಎದ್ದು ಜಗುಲಿಗೆ ಹೋಗಿ, ಮೂಗಿನ ಬಟ್ಟೆ ಇಳಿಸಿ, ಬಿಸ್ಕತ್ತು ಅದ್ದಿ ತಿಂದು, ತುಟಿ ಒರೆಸಿಕೊಂಡು ಮತ್ತೆ ಮೂಗು ಮುಚ್ಚಿಕೊಂಡು ಒಳಗೆ ಬರುತ್ತಿದ್ದರು. ದುಃಖಕ್ಕೆ ಇಷ್ಟೊಂದು ಹಸಿವಾಗುತ್ತದೆ ಎಂದು ಮಗಳಿಗೆ ಗೊತ್ತಿರಲಿಲ್ಲ.

ದೊಡ್ಡಪ್ಪ, ಅಂದರೆ ಸತ್ತವನ ಅಣ್ಣ, ಮೇಜಿನ ಫ್ಯಾನಿನ ನೇರ ಎದುರಿಗೆ ಕುರ್ಚಿ ಹಾಕಿಸಿಕೊಂಡಿದ್ದ. ನೋಂದಣಿ ಕಚೇರಿಯಲ್ಲಿ ಮೂವತ್ತು ವರ್ಷ ಮುದ್ರೆ ಒತ್ತಿ ನಿವೃತ್ತನಾದವನು. ನಿನ್ನೆಯಿಂದ ಎಲ್ಲ ಏರ್ಪಾಟೂ ಅವನದೇ.

“ಪೆಟ್ಟಿಗೆಯವನನ್ನ ಇನ್ನೊಂದ್ಸಲ ಕರೀರಿ,” ಅಂದ.

ಪೆಟ್ಟಿಗೆ ಬಾಡಿಗೆಗೆ ಕೊಟ್ಟವನು ಬಂದು, ಬಗ್ಗಿ, ಬದಿಯ ಚಿಕ್ಕ ಪರದೆಯನ್ನು ತೋರಿಸಿದ. “ಎರಡು ಡಿಗ್ರಿ ಇದೆ ನೋಡಿ ಸಾರ್. ಪೆಟ್ಟಿಗೆ ಚೆನ್ನಾಗೇ ಇದೆ.”

“ಪೆಟ್ಟಿಗೆ ಚೆನ್ನಾಗಿದ್ರೆ ಈ ನಾತ ಎಲ್ಲಿಂದ?”

ಅವನು ಪರದೆಯನ್ನು ಹೆಬ್ಬೆರಳಿನಿಂದ ಮತ್ತೊಮ್ಮೆ ಒರೆಸಿದ. ಕೊಡಬೇಕಾದ ಉತ್ತರ ಎಲ್ಲರ ಮುಖದಲ್ಲೂ ಇತ್ತು, ದೊಡ್ಡಪ್ಪ ಅದನ್ನು ಬಾಯಿಬಿಟ್ಟೇ ಹೇಳಿದ. “ಮೊದಲಿಂದ್ಲೂ ಅವನ ಮೈಯೇ ಹಾಗೆ. ಮೂವತ್ನಾಲ್ಕು ವರ್ಷ ಮೀನಿನ ಕರುಳು ಬಗೆದ ಮೈ. ಐಸಲ್ಲಿಟ್ರೆ ಹೋಗತ್ತಾ?”

ಗೋಡೆಯ ಬದಿಯಲ್ಲಿ ಯಾರೋ ನಕ್ಕರು. ನಕ್ಕು, ಸಾವಿನ ಮನೆ ಎಂಬುದು ನೆನಪಾಗಿ, ಕೆಮ್ಮಿದರು.

ಪೆಟ್ಟಿಗೆಯ ತಲೆಯ ಬದಿಗೆ ಕುಳಿತಿದ್ದ ಅಮ್ಮ ಮೊದಲ ಬಾರಿಗೆ ತಲೆ ಎತ್ತಿದಳು. “ನಂಗ್ಯಾವ ವಾಸನೆಯೂ ಬರ್ತಿಲ್ಲಪ್ಪ,” ಅಂದಳು. ಮೂವತ್ನಾಲ್ಕು ವರ್ಷ ಅವನ ಪಕ್ಕದಲ್ಲಿ ಮಲಗಿದ ಮೂಗು ಅದು.

“ಗಾಡಿ ನಾಲ್ಕಕ್ಕೆ ಬೇಡ, ಎರಡೂವರೆಗೇ ಬರಲಿ,” ಅಂದ ದೊಡ್ಡಪ್ಪ. “ಮುಖ ನೋಡೋರಿಗೆ ಗಾಜು ತೆಗೆಯೋದೂ ಬೇಡ. ಹಾಗೇ ಎತ್ತೋಣ.”

“ಮೀನು ಫ್ಯಾಕ್ಟರಿಯವರು ಬರೋದೇ ಮೂರು ಗಂಟೆಗೆ, ಶಿಫ್ಟ್ ಮುಗಿಸ್ಕೊಂಡು,” ಅಂದಳು ಮಗಳು. “ನಾಲ್ಕು ಅಂತ ನಾನೇ ಹೇಳಿದೀನಿ ದೊಡ್ಡಪ್ಪ. ಅಪ್ಪನ ಜೊತೆ ಇದ್ದವರು ಅವರು ಮಾತ್ರ.”

“ಅವರು ಬಂದು ಮಾಡೋದೇನಮ್ಮ? ಇರೋ ನಾತ ಸಾಲ್ದು ಅಂತ ಅವರದ್ದೂ ಬೇರೆ ಬೇಕಾ? ಸತ್ತವನ ಮಾನ ಉಳಿಸೋಣ ಅಂತಲೇ ನಾನು ಹೇಳ್ತಿರೋದು.”

ಮಗಳು ಎದುರಾಡಲು ಬಾಯಿ ತೆರೆದಳು, ಬಟ್ಟೆ ತುಟಿಗೆ ತಾಗಿತು. ತನ್ನ ಮೂಗಿನ ಮೇಲೂ ಒಂದು ಕರವಸ್ತ್ರವಿದೆ ಎಂಬುದು ಆಗ ಅವಳ ಗಮನಕ್ಕೆ ಬಂತು. ತೆಗೆದಳು. ವಾಸನೆ ನುಗ್ಗಿತು. ಅಪ್ಪನೇ ನಾರುತ್ತಿದ್ದಾನೆ ಎಂದು ಅವಳೂ ನಂಬಿದ್ದಳು, ಆ ನಂಬಿಕೆಗೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

*

ಅವಳಿಗೆ ಆಗ ಹನ್ನೆರಡು ವರ್ಷ. ಶಾಲೆಯ ವಾರ್ಷಿಕೋತ್ಸವಕ್ಕೆ ಅಪ್ಪ ಶಿಫ್ಟಿನಿಂದ ನೇರವಾಗಿ ಬಂದಿದ್ದ. ಎರಡನೆಯ ಸಾಲಿನಲ್ಲಿ ಕುಳಿತ. ಅವನ ಆಚೀಚೆಯ ಕುರ್ಚಿಗಳು ಒಂದೊಂದಾಗಿ ಖಾಲಿಯಾದದ್ದು ವೇದಿಕೆಯ ಮೇಲೆ ನಿಂತಿದ್ದ ಅವಳಿಗೆ ಚೆನ್ನಾಗಿ ಕಾಣುತ್ತಿತ್ತು. ಅವನಿಗೆ ಮಾತ್ರ ಕಾಣುತ್ತಿರಲಿಲ್ಲ. ಮಗಳನ್ನು ನೋಡಿ ನಗುತ್ತಾ ಕುಳಿತಿದ್ದ.

ಮನೆಗೆ ಬಂದ ಮೇಲೆ ಅವಳು ಬಾಗಿಲಲ್ಲೇ ನಿಂತು ಹೇಳಿದಳು. “ಇನ್ಮೇಲೆ ಶಾಲೆಗೆ ಬರ್ಬೇಡಿ ಅಪ್ಪ. ನೀವು ನಾರ್ತೀರಿ.”

ಅವನು ಬೈಯಲಿಲ್ಲ. ತನ್ನ ಅಂಗೈಯನ್ನು ಒಮ್ಮೆ ಮೂಸಿ ನೋಡಿಕೊಂಡ, ಅಷ್ಟೇ. ಮಾರನೆಯ ದಿನದಿಂದ ಅವನ ಊಟದ ಡಬ್ಬಿಯಲ್ಲಿ ಅರ್ಧ ನಿಂಬೆಹಣ್ಣು ಹೋಗತೊಡಗಿತು. ಮನೆಯ ನಲ್ಲಿಯ ಪಕ್ಕದಲ್ಲಿ ಇನ್ನರ್ಧ. ಎರಡು ಸಲ ಕೈ ತಿಕ್ಕದೆ ಅವನು ಮಗಳ ಪುಸ್ತಕವನ್ನಾಗಲಿ, ತಟ್ಟೆಯನ್ನಾಗಲಿ, ತಲೆಯನ್ನಾಗಲಿ ಮುಟ್ಟುತ್ತಿರಲಿಲ್ಲ. ಆಮೇಲಾಮೇಲೆ ತಿಕ್ಕಿದ ಮೇಲೂ ಮುಟ್ಟುವುದು ಕಡಿಮೆಯಾಯಿತು.

*

ಗಾಡಿಯವನಿಗೆ ಫೋನು ಹೋಯಿತು. ಮಗಳು ಹಿತ್ತಿಲಿಗೆ ಬಂದು ಫ್ಯಾಕ್ಟರಿಯ ಮೇಸ್ತ್ರಿಯಮ್ಮನಿಗೆ ಫೋನು ಮಾಡಿದಳು. ಮೀನು ಸೀಳುವ ಮೇಜುಗಳನ್ನೆಲ್ಲ ನೋಡಿಕೊಳ್ಳುವ ಹೆಂಗಸು, ಅಪ್ಪನಿಗಿಂತ ಎರಡು ವರ್ಷ ಕಿರಿಯವಳು. ಹಿಂದೆ ನೀರಿನ ಸದ್ದು, ಚಾಕು ಮಸೆಯುವ ಸದ್ದು.

“ಎರಡೂವರೆಗಾ?” ಅಂದಳು ಆಕೆ. “ನಾಲ್ಕು ಅಂದಿದ್ಯಲ್ಲಮ್ಮ. ನಾವು ಮಿಂದು, ಬಟ್ಟೆ ಬದಲಾಯಿಸಿ ಬರೋಣ ಅಂತಿದ್ವಿ.”

“ದೊಡ್ಡಪ್ಪ ಬೇಗ ಎತ್ತಬೇಕು ಅಂತಿದಾರೆ. ವಾಸನೆ... ಸ್ವಲ್ಪ ವಾಸನೆ ಬರ್ತಿದೆ.”

“ಹೇಗಿದೀವೋ ಹಾಗೇ ಹೊರಡ್ತೀವಿ,” ಅಂದಳು ಮೇಸ್ತ್ರಿಯಮ್ಮ. “ಗಾಡಿ ತಡೀ.”

ಮಗಳು ಒಳಗೆ ಬಂದಾಗ ಹಜಾರದ ಮೂಲೆ ಕಣ್ಣಿಗೆ ಬಿತ್ತು. ಅಪ್ಪನ ಅಕ್ವೇರಿಯಂ ಮೇಲೆ ಯಾರೋ ನಿನ್ನೆಯೇ ಬಿಳಿ ಹೊದಿಕೆ ಹೊದಿಸಿದ್ದರು. ಅದರ ಮೇಲೆ ಹೂವಿನ ಹಾರಗಳು, ಮುಂದೆ ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು. ನಿನ್ನೆಯಿಂದ ಮನೆಯಲ್ಲಿ ಏನೋ ಒಂದು ಸದ್ದು ಕಡಿಮೆಯಾಗಿದೆ ಎಂದು ಅವಳಿಗೆ ಅನ್ನಿಸುತ್ತಲೇ ಇತ್ತು. ಅಪ್ಪ ಇಲ್ಲದ ಮನೆ ಹೀಗೇ ಇರುತ್ತದೆ ಎಂದುಕೊಂಡಿದ್ದಳು.

*

ನಿವೃತ್ತಿಯಾದ ತಿಂಗಳಲ್ಲೇ ಅಪ್ಪ ಮಗಳನ್ನು ಕರೆದುಕೊಂಡು ಅಕ್ವೇರಿಯಂ ಅಂಗಡಿಗೆ ಹೋಗಿದ್ದ. ಅದು ಅವನ ಎಂಟನೆಯ ಭೇಟಿ ಎಂದು ಅಂಗಡಿಯವನ ಮುಖ ನೋಡಿದರೇ ತಿಳಿಯುತ್ತಿತ್ತು.

“ಬಂದ್ರಾ ಯಜಮಾನ್ರೇ,” ಅಂದ ಅಂಗಡಿಯವನು. “ಇವತ್ತಾದ್ರೂ ತಗೊಳ್ತೀರೋ, ಇಲ್ಲಾ ಬರೀ ಪ್ರಶ್ನೆನೋ?”

“ಇವತ್ತು ತಗೊಳ್ತೀನಿ. ಉಪ್ಪುನೀರಿಂದೇ. ಆದ್ರೆ ಒಂದು ಪ್ರಶ್ನೆ ಇದೆ.”

“ಇರುತ್ತೆ ಬಿಡಿ.”

“ಇಲ್ಲಿರೋದ್ರಲ್ಲಿ ಬೇಗ ಸಾಯೋದು ಯಾವ್ಯಾವುದು ಹೇಳಿ. ಅವನ್ನೆಲ್ಲ ಬಿಟ್ಟು ಉಳಿದಿದ್ದನ್ನ ಕೊಡಿ.” ಆಮೇಲೆ ಅಂಗಡಿಯವನಿಗೆ ಬೇಸರವಾದೀತೆಂದು ಸೇರಿಸಿದ. “ಸತ್ತ ಮೀನು ಸಾಕಷ್ಟು ನೋಡಿದೀನಿ ಸ್ವಾಮಿ. ಮೂವತ್ನಾಲ್ಕು ವರ್ಷದಲ್ಲಿ ಕಣ್ಣು ಆಡಿಸೋ ಮೀನು ಒಂದೂ ನನ್ನ ಮೇಜಿಗೆ ಬಂದಿಲ್ಲ.”

ಅಂಗಡಿಯವನು ನಗಬೇಕೋ ಬೇಡವೋ ತಿಳಿಯದೆ ಒಂದು ಪುಟ್ಟ ತೊಟ್ಟಿ ತೋರಿಸಿದ. ಹೊಸಬರಿಗೆ ಇದೇ ಸಾಕು, ಟೀಪಾಯಿ ಮೇಲೆ ಇಡಬಹುದು ಎಂದ. ಅಪ್ಪ ತಲೆಯಾಡಿಸಿದ. ನೀರು ಕಡಿಮೆ ಇದ್ದಷ್ಟೂ ಬೇಗ ಕೆಡುತ್ತದೆ, ತಪ್ಪು ಮಾಡಿದರೆ ತಿದ್ದಿಕೊಳ್ಳಲು ಸಮಯ ಸಿಗುವುದಿಲ್ಲ, ನೂರು ಲೀಟರಿಗಿಂತ ಚಿಕ್ಕದು ಬೇಡ ಎಂದ. ತೀರಾ ದೊಡ್ಡದೂ ಬೇಡ, ವಾರವಾರ ನೀರು ಬದಲಾಯಿಸುವ ಬೆನ್ನು ತನ್ನದು. ನೀರು ಓಡಾಡಿಸಲು ಒಂದು ಪಂಪು, ಅಂಗಿಯ ಗುಂಡಿಯಂಥ ಮತ್ತು ಅಣಬೆಯಂಥ ಮೆತ್ತನೆಯ ಹವಳಗಳು, ಕಿತ್ತಳೆ ಬಣ್ಣದ ಪಟ್ಟೆಮೀನು ಎರಡು, ಗಾಜು ನೆಕ್ಕಿ ಸ್ವಚ್ಛ ಮಾಡಲು ಬಸವನಹುಳು ನಾಲ್ಕು. ಪಟ್ಟಿ ಅವನ ತಲೆಯಲ್ಲೇ ಇತ್ತು.

ಕೊನೆಗೆ ಬೆಳಕಿನ ಮಾತು ಬಂತು. ಅಂಗಡಿಯವನು ಮೇಲಿನ ಕಪಾಟಿನಿಂದ ದೊಡ್ಡದೊಂದು ದೀಪ ಇಳಿಸಿ ಹಚ್ಚಿದ. ಇಡೀ ಅಂಗಡಿ ಬಿಳಿಚಿಕೊಂಡಿತು.

“ಇದನ್ನ ಹಾಕಿ. ಹವಳ ಹೇಗೆ ಮಿಂಚುತ್ತೆ ನೋಡಿ. ಬಂದ ನೆಂಟರು ಬಾಯಿ ಬಿಡಬೇಕು.”

ಅಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದ. “ಆರಿಸಿ ಸ್ವಾಮಿ. ನಮ್ಮ ಫ್ಯಾಕ್ಟರಿಲಿ ಮೇಜಿನ ಮೇಲೆ ಇಂಥದ್ದೇ ಇತ್ತು, ರಕ್ತದ ಒಂದು ಹನಿನೂ ತಪ್ಪಿಸ್ಕೋಬಾರದು ಅಂತ. ಅದರ ಕೆಳಗೆ ಬದುಕಿರೋದು ಏನನ್ನೂ ನಾನು ನೋಡಿಲ್ಲ.”

“ಹವಳಕ್ಕೆ ಬೆಳಕು ಬೇಕಲ್ವಾ?”

“ಈ ಮೆತ್ತನೆಯವಕ್ಕೆ ಸ್ವಲ್ಪ ಸಾಕು. ಜಾಸ್ತಿಯಾದ್ರೆ ಸುಟ್ಟು ಬಿಳಿಯಾಗ್ತವೆ, ಗಾಜಿಗೆಲ್ಲ ಪಾಚಿ ಕಟ್ಟುತ್ತೆ. ಮೊದಲ ವಾರ ದಿನಕ್ಕೆ ನಾಲ್ಕೇ ಗಂಟೆ, ಆಮೇಲೆ ನಿಧಾನಕ್ಕೆ ಎಂಟು. ಮನೆಗೆ ಹೊಸಬರು ಬಂದ್ರೆ ಮುಖಕ್ಕೆ ಟಾರ್ಚ್ ಬಿಡ್ತೀವಾ?”

ನೀಲಿ, ಬಿಳಿ ಎರಡೂ ಬಣ್ಣವಿದ್ದ ಒಂದು ಸಾದಾ ಎಲ್‌ಇಡಿ ಪಟ್ಟಿಯನ್ನೂ, ಅದು ತಾನಾಗಿ ಹತ್ತಿ ಆರಲು ಚಕ್ರ ತಿರುಗಿಸುವ ಹಳೇ ಮಾದರಿಯ ಟೈಮರನ್ನೂ ಅವನು ಆರಿಸಿದ. ಮಗಳು ಅಂಗಡಿಯ ಬಾಗಿಲಲ್ಲೇ ನಿಂತಿದ್ದಳು. ಒಳಗಿನ ಒದ್ದೆ ವಾಸನೆ ಅವಳಿಗೆ ಆಗುತ್ತಿರಲಿಲ್ಲ. ಅವಳು ಹಲ್ಲಿನ ಡಾಕ್ಟರ ಬಳಿ ಸಹಾಯಕಿ, ದಿನವಿಡೀ ಕೈಗೆ ಗ್ಲೋವ್ಸು, ಮುಖಕ್ಕೆ ಮಾಸ್ಕು.

ಆಮೇಲೆ ಆರು ವಾರ ಆ ತೊಟ್ಟಿಯಲ್ಲಿ ಉಪ್ಪುನೀರು, ಮರಳು, ನಾಲ್ಕು ಬಂಡೆ ಬಿಟ್ಟು ಏನೂ ಇರಲಿಲ್ಲ. ನೀರು ಪಕ್ವವಾಗಬೇಕು, ಕಣ್ಣಿಗೆ ಕಾಣದ ಜೀವಗಳು ಮೊದಲು ಮನೆ ಮಾಡಬೇಕು ಎಂದು ಅಪ್ಪ ದಿನಾ ಅದರ ಮುಂದೆ ಕುಳಿತಿರುತ್ತಿದ್ದ. ನೋಡಲು ಬಂದ ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. “ಜನ ನಾಯಿ ಸಾಕ್ತಾರೆ, ಬೆಕ್ಕು ಸಾಕ್ತಾರೆ. ನನ್ನ ತಮ್ಮ ನೀರು ಸಾಕ್ತಿದಾನೆ.” ಆ ಹೆಸರು ನೆಂಟರಲ್ಲೆಲ್ಲ ಹಬ್ಬಿ ಗಟ್ಟಿಯಾಯಿತು.

ಗಾಜಿನ ಮೇಲೆ ಅವನು ಒಂದು ಚೂರು ಕೆಂಪು ಟೇಪು ಅಂಟಿಸಿದ್ದ. ನೀರು ಆರಿ ಅದಕ್ಕಿಂತ ಕೆಳಗಿಳಿದರೆ ಬೆಳಿಗ್ಗೆ ಒಂದು ಜಗ್ಗು ಸಿಹಿನೀರು. “ಉಪ್ಪುನೀರಲ್ವಾ ಹಾಕ್ಬೇಕಾದ್ದು?” ಎಂದು ಅಮ್ಮ ಕೇಳಿದ್ದಳು. “ಆರೋದು ನೀರು ಮಾತ್ರ ಕಣೇ. ಉಪ್ಪು ಎಲ್ಲೂ ಹೋಗಲ್ಲ, ಅಲ್ಲೇ ಇರುತ್ತೆ,” ಅಂದಿದ್ದ. ನಿನ್ನೆ ಬೆಳಿಗ್ಗೆ ಆರು ಗಂಟೆಗೆ ಅದೇ ಜಗ್ಗು ಹಿಡಿದು ಹೊರಟವನು ಅಡುಗೆಮನೆಯ ಬಾಗಿಲಲ್ಲಿ ಕುಸಿದ. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಮುಗಿದಿತ್ತು.

*

ಫ್ಯಾಕ್ಟರಿಯ ವ್ಯಾನು ಬಂದಾಗ ಗಂಟೆ ಎರಡೂ ಇಪ್ಪತ್ತು. ಹದಿನಾಲ್ಕು ಜನ ಇಳಿದರು. ರಬ್ಬರ್ ಬೂಟು, ಮೊಣಕಾಲಿನವರೆಗೆ ಮೀನಿನ ಪೊರೆ ಮೆತ್ತಿದ ಏಪ್ರನ್ನು. ಬೂಟನ್ನೂ ಏಪ್ರನ್ನನ್ನೂ ಅವರು ಗೇಟಿನ ಬಳಿಯೇ ಕಳಚಿ ಸಾಲಾಗಿ ಇಟ್ಟು, ಬರಿಗಾಲಲ್ಲಿ ಒಳಗೆ ಬಂದರು. ನೆಂಟರು ಗೋಡೆಯುದ್ದಕ್ಕೂ ಸರಿದು ಸರಿದು ಜಾಗ ಬಿಟ್ಟುಕೊಟ್ಟರು. ಅದು ಮರ್ಯಾದೆಗೆ ಬಿಟ್ಟ ಜಾಗವಲ್ಲ ಎಂಬುದು ಬಂದವರಿಗೆ ಗೊತ್ತಿತ್ತು, ರೂಢಿಯೂ ಇತ್ತು.

“ಬೇಗ ನೋಡಿ ಹೊರಡಿ,” ಅಂದ ದೊಡ್ಡಪ್ಪ ಕರವಸ್ತ್ರದ ಒಳಗಿನಿಂದ. “ಗಾಜು ತೆಗೆಯೋ ಹಾಗಿಲ್ಲ. ಹೆಣ ಕೆಟ್ಟಿದೆ.”

ಮೇಸ್ತ್ರಿಯಮ್ಮ ಪೆಟ್ಟಿಗೆಯ ಮುಂದೆ ಕೈಮುಗಿದು ನಿಂತಳು. ಆಮೇಲೆ ತಲೆ ಸ್ವಲ್ಪ ಎತ್ತಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಉಸಿರೆಳೆದುಕೊಂಡಳು. ಅವಳ ಹಿಂದಿದ್ದವರೂ ಎಳೆದುಕೊಂಡರು.

“ಇದು ಮನುಷ್ಯರದ್ದಲ್ಲ,” ಅಂದಳು.

“ಏನು?”

“ಈ ವಾಸನೆ ಮನುಷ್ಯರದ್ದಲ್ಲ ಸಾರ್. ಹುಳ. ಚಿಪ್ಪಿನ ಹುಳ ಸತ್ತು ನಿಂತ ನೀರಲ್ಲಿ ಒಂದು ಹಗಲು ಕಳೆದ್ರೆ ಹೀಗೆ ಬರುತ್ತೆ. ನಮ್ಮ ಮೂಗಿಗೆ ಬೇರೆ ಕೆಲಸವೇನು, ಇದೇ ತಾನೇ.”

ಮಗಳು ಆ ಮಾತು ಮುಗಿಯುವ ಮೊದಲೇ ಮೂಲೆಗೆ ಓಡಿದ್ದಳು. ಕುರ್ಚಿಗಳನ್ನು ಎಳೆದೆಸೆದು, ಹಾರಗಳ ಸಮೇತ ಹೊದಿಕೆಯನ್ನು ಕಿತ್ತಳು. ಒಳಗೆ ಕತ್ತಲೆ. ನೀರು ಹಾಲಿನಂತೆ ಕದಡಿತ್ತು, ಮೇಲೆ ನೊರೆಯ ಕೆನೆ ಕಟ್ಟಿತ್ತು. ಟೇಪಿನಿಂದ ಒಂದೂವರೆ ಬೆರಳು ಕೆಳಗಿಳಿದಿತ್ತು. ಪಟ್ಟೆಮೀನುಗಳೆರಡೂ ಮೂಲೆಯಲ್ಲಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ವಾಸನೆ ಹೊಡೆತದ ಹಾಗೆ ಎದ್ದು ಬಂತು, ಹಿಂದೆ ಯಾರೋ ಓಕರಿಸಿದರು.

ಕಡಿಮೆಯಾಗಿದ್ದ ಸದ್ದು ಯಾವುದೆಂದು ಅವಳಿಗೆ ಈಗ ಹೊಳೆಯಿತು. ಪಂಪು ನಿಂತಿತ್ತು. ಅದರ ತಂತಿ ಹಿಡಿದುಕೊಂಡು ಗೋಡೆಯವರೆಗೆ ಹೋದಳು. ಪಂಪಿಗೂ ದೀಪಕ್ಕೂ ಸೇರಿದ ಒಂದೇ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಅದಿರಬೇಕಾದ ಜಾಗದಲ್ಲಿ ಇನ್ನೊಂದು ಪ್ಲಗ್ಗು, ಅದರ ತಂತಿ ನೆಟ್ಟಗೆ ದೊಡ್ಡಪ್ಪನ ಫ್ಯಾನಿಗೆ.

“ಯಾರು ತೆಗೆದಿದ್ದು?” ಎಂದಳು ಯಾರನ್ನೂ ನೋಡದೆ.

“ನಾನೊಬ್ಬನೇ ಗಾಳಿ ತಗೊಂಡಿದ್ದೇನಮ್ಮ?” ಅಂದ ದೊಡ್ಡಪ್ಪ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳಲು ಇಷ್ಟು ಸಾಕಾಯಿತು. “ದೊಡ್ಡ ಸಾಕೆಟ್ಟಿಗೆ ಪೆಟ್ಟಿಗೆ ಹಾಕಿದ್ರು. ಇದ್ದಿದ್ದು ಇದೊಂದೇ. ಮನೆ ತುಂಬ ಜನ, ಸೆಕೆ. ಒಂದು ದಿನ ಕರೆಂಟಿಲ್ಲದಿದ್ರೆ ನೀರಿಗೇನಾಗುತ್ತೆ ಅಂದ್ಕೊಂಡೆ.”

“ಹೊದಿಕೆ ಹಾಕಿದ್ದು ನಾನು,” ಅಂದಳು ಚಿಕ್ಕಮ್ಮ ಮೆಲ್ಲಗೆ. “ಸಾವಿನ ಮನೇಲಿ ಬಣ್ಣದ ಮೀನು ಚೆನ್ನಾಗಿ ಕಾಣಲ್ಲ ಅಂತ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಮನೆ ಅದು. ನೀರಿನ ನಾತವನ್ನು ಒಂದು ಹಗಲಿಡೀ ಹೆಣದ ತಲೆಗೆ ಕಟ್ಟಿ, ಆ ನಾತವನ್ನೇ ಫ್ಯಾನಿನಿಂದ ತಮ್ಮ ಮುಖಕ್ಕೆ ಬೀಸಿಕೊಂಡು ಕುಳಿತಿದ್ದವರ ಮೇಲೆ ಮಗಳಿಗೆ ಹೇಳಲಾಗದಷ್ಟು ಹೇಸಿಗೆಯಾಯಿತು. ಅವರ ಚಹಾ, ಅವರ ಬಿಸ್ಕತ್ತು, ಮಡಿಸಿದ ಅವರ ಕರವಸ್ತ್ರ, ಎಲ್ಲದರ ಮೇಲೂ. ಅವಳು ಫ್ಯಾನಿನ ಪ್ಲಗ್ಗನ್ನು ಕಿತ್ತು ಎಸೆದಳು. ರೆಕ್ಕೆಗಳು ಸುತ್ತಿ ಸುತ್ತಿ ನಿಂತವು. ದೊಡ್ಡಪ್ಪನ ಹಣೆಯಲ್ಲಿ ಆಗಲೇ ಬೆವರು.

“ಮೊದಲು ಸತ್ತಿದ್ದನ್ನ ತೆಗಿ, ಆಮೇಲೆ ಪಂಪು,” ಅಂದಳು ಮೇಸ್ತ್ರಿಯಮ್ಮ. “ನಾನು ತೆಗೀಲಾ?”

“ಬೇಡಿ, ನಾನೇ ತೆಗೀತೀನಿ.”

ಮಗಳು ತೋಳು ಮಡಿಸಿ ಬರಿಗೈಯನ್ನು ಮೊಣಕೈವರೆಗೆ ಇಳಿಸಿದಳು. ನೀರು ಬೆಚ್ಚಗೆ, ಲೋಳೆಯಾಗಿತ್ತು. ಮೀನುಗಳನ್ನು ತೆಗೆದಳು. ತಳದಲ್ಲಿ ತಡಕಿ ಒಂದೊಂದೇ ಬಸವನಹುಳು ಎತ್ತಿದಳು. ನಾಲ್ಕನೆಯದು ಚಿಪ್ಪಿನಿಂದ ಕಳಚಿ ಅವಳ ಬೆರಳ ಸಂದಿಯಲ್ಲಿ ಕರಗಿ ಹೋಯಿತು. ಫ್ಯಾಕ್ಟರಿಯವಳೊಬ್ಬಳು ಬಕೆಟ್ಟು ಹಿಡಿದಳು, ಇನ್ನೊಬ್ಬಳು ಕೆನೆಯನ್ನು ಕಾಗದದಿಂದ ಎತ್ತಿದಳು. ಗುಂಡಿ ಹವಳಗಳು ಬಂಡೆಯ ಮೇಲೆ ಮುಷ್ಟಿಯಂತೆ ಮುಚ್ಚಿಕೊಂಡಿದ್ದವು. ಮೇಸ್ತ್ರಿಯಮ್ಮ ಬಗ್ಗಿ ನೋಡಿ, “ಇವು ಸತ್ತ ಹಾಗೆ ಕಾಣಲ್ಲ, ಗೊತ್ತಿಲ್ಲಪ್ಪ,” ಅಂದಳು.

ಅಷ್ಟರಲ್ಲಿ ಅಮ್ಮ ಎದ್ದಿದ್ದಳು. ಅಡುಗೆಮನೆಯಿಂದ ಸೊಟ್ಟಗಾದ ಸ್ಟೀಲಿನ ಜಗ್ಗು ತಂದು, ಯಾರ ಮುಖವನ್ನೂ ನೋಡದೆ, ಸಿಹಿನೀರನ್ನು ನಿಧಾನವಾಗಿ ಸುರಿದಳು. ಎರಡು ಸಲ ಹೋಗಿ ಬಂದಳು. ನೀರು ಕೆಂಪು ಟೇಪಿಗೆ ಬಂದು ಮುಟ್ಟಿದಾಗ ನಿಲ್ಲಿಸಿ, ತಿರುಗಿ ತನ್ನ ಜಾಗಕ್ಕೆ ಹೋಗಿ ಕುಳಿತಳು.

ಮಗಳು ಪ್ಲಗ್ಗು ಸಿಕ್ಕಿಸಿದಳು. ಪಂಪು ಒಮ್ಮೆ ಕೆಮ್ಮಿ ಗುಳುಗುಳು ಎಂದಿತು. ಟೈಮರಿನ ಚಕ್ರ ನಿನ್ನೆ ಹನ್ನೊಂದು ಗಂಟೆಗೆ ನಿಂತಿತ್ತು, ಈಗ ಅಲ್ಲಿಂದಲೇ ಹೊರಟಿತು. ನೀಲಿ ಬೆರೆತ ಮಂದ ಬೆಳಕು ಕದಡಿದ ನೀರನ್ನು ದಾಟಿ ಪೆಟ್ಟಿಗೆಯ ಗಾಜಿನ ಮೇಲೆ ಬಿತ್ತು.

ಹೊರಗೆ ಗಾಡಿಯ ಹಾರನ್ನು ಕೇಳಿಸಿತು. ಯಾರೂ ಏಳಲಿಲ್ಲ.

“ಈಗ ಗಾಜು ತೆಗೀರಿ,” ಅಂದಳು ಮಗಳು. ಪೆಟ್ಟಿಗೆಯವನು ದೊಡ್ಡಪ್ಪನನ್ನು ನೋಡಿದ. ದೊಡ್ಡಪ್ಪ ನೆಲ ನೋಡುತ್ತಿದ್ದ. ಗಾಜು ಸರಿಯಿತು. ತಣ್ಣನೆಯ ಗಾಳಿಯೊಂದು ಮೇಲೆದ್ದು ಬಂತು, ಅದರಲ್ಲಿ ಯಾವ ವಾಸನೆಯೂ ಇರಲಿಲ್ಲ.

ಫ್ಯಾಕ್ಟರಿಯವರು ಹತ್ತಿರ ಬಂದರು. ಆದರೆ ಮುಟ್ಟಲಿಲ್ಲ. ಹದಿನಾಲ್ಕು ಜನವೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದರು.

“ಕೈ ತೊಳೆದು ಬಂದಿಲ್ಲಮ್ಮ,” ಅಂದಳು ಮೇಸ್ತ್ರಿಯಮ್ಮ. “ನಮ್ಮ ನಿಂಬೆ, ನಿನ್ನಪ್ಪ, ಕೈ ತೊಳೀದೆ ಏನನ್ನೂ ಮುಟ್ಟುತ್ತಿರ್ಲಿಲ್ಲ. ನಾವೆಲ್ಲ ಬಸ್ಸಿಗೆ ಓಡ್ತಿದ್ವಿ, ಅವನು ಹತ್ತು ನಿಮಿಷ ನಲ್ಲಿ ಮುಂದೆ ನಿಂತು ತಿಕ್ತಿದ್ದ. ದಿನಾ ಬಸ್ಸು ತಪ್ಪಿಸ್ಕೊಂಡು ನಡ್ಕೊಂಡೇ ಹೋಗ್ತಿದ್ದ. ಅದಕ್ಕೇ ನಿಂಬೆ ಅಂತ ಹೆಸರಿಟ್ವಿ. ಮಗಳಿಗೆ ಆಗಲ್ಲ ಕಣ್ರೇ, ಅಂತಿದ್ದ.”

ಮಗಳ ಬಲಗೈಯಿಂದ ಕೊಳೆತ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಚಿಕ್ಕಮ್ಮ ಅಡುಗೆಮನೆಯಿಂದ ಬಂದು ಪಕ್ಕದಲ್ಲಿ ನಿಂತಳು. ಅವಳ ಅಂಗೈಯಲ್ಲಿ ಅರ್ಧ ನಿಂಬೆಹಣ್ಣಿತ್ತು. “ತಗೋ, ಬೇಗ ಕೈ ತೊಳ್ಕೊಂಡು ಬಾ,” ಅಂದಳು. “ಅಪ್ಪನ್ನ ಮುಟ್ಟಬೇಕಲ್ಲ.”

ಮಗಳು ಬಗ್ಗಿ ಅಪ್ಪನ ಕೈಯನ್ನು ತನ್ನ ಆ ಕೈಯಲ್ಲೇ ತೆಗೆದುಕೊಂಡಳು. ಮೂಗಿನ ಹತ್ತಿರ ತಂದಳು. ಸಾಬೂನು, ನಿಂಬೆಹಣ್ಣು, ಅಷ್ಟೇ. ಬೆರಳುಗಳ ಸಂದಿಗೆ ತನ್ನ ಬೆರಳು ತೂರಿಸಿ, ಅಂಗೈಗೆ ಅಂಗೈ ಒತ್ತಿ, ತನ್ನ ಕೈಯ ಲೋಳೆ ಅವನ ಕೈಗೂ ಮೆತ್ತುವವರೆಗೆ ಹಿಡಿದುಕೊಂಡಳು. ಆಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

“ಬನ್ನಿ,” ಅಂದಳು ಮೇಸ್ತ್ರಿಯಮ್ಮನಿಗೆ.

ಹದಿನಾಲ್ಕು ಜನ ಒಬ್ಬೊಬ್ಬರಾಗಿ ಬೆನ್ನ ಹಿಂದಿನಿಂದ ಕೈ ತೆಗೆದು ಮುಂದೆ ಬಂದರು. ಚಿಕ್ಕಮ್ಮ ಚಾಚಿದ ಕೈಯಲ್ಲಿ ನಿಂಬೆಹಣ್ಣು ಹಿಡಿದುಕೊಂಡೇ ನಿಂತಿದ್ದಳು. ಅದನ್ನು ಅವಳು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ರಸ ಅವಳ ಮಣಿಕಟ್ಟಿನಿಂದ ಇಳಿದು ತೋಳಿಗೆ ಹರಿಯುತ್ತಿತ್ತು.